ವರ್ಲಿನ್‌ನ ಒದ್ದೆ ಚಲ್ಲಣ

ಲಿಂಡಾಲ್ ಊರಿನಲ್ಲಿ ಟ್ರೌಟ್ ಮೀನು ಹಿಡಿಯುವವನು ಸುಳ್ಳು ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಿಜ ಹೇಳಿದರೆ ಮಾತ್ರ ಅವನಿಗೇನೋ ಆಗಿದೆ ಎಂದು ಅನುಮಾನಿಸುತ್ತಾರೆ. ಮೀನು ಎಲ್ಲಿ ಸಿಕ್ಕಿತು ಎಂದು ಕೇಳಿದರೆ ತೊರೆಯ ದಿಕ್ಕಿಗೆ ಗಲ್ಲ ಎತ್ತಿ "ಅಲ್ಲೇ, ಮೇಲ್ಗಡೆ" ಎನ್ನುವುದು ಇಲ್ಲಿನ ರೂಢಿ. ನಿಸ್ಸೆ ತೊರೆ ಇಪ್ಪತ್ತು ಮೈಲಿ ಅಂಕುಡೊಂಕಾಗಿ ಹರಿದು ಬರುತ್ತದೆ. ಅದರಲ್ಲಿ ಹತ್ತೊಂಬತ್ತು ಮೈಲಿ ಮೇಲ್ಗಡೆಯೇ.

ವರ್ಲಿನ್ ಟ್ವೇಟನ್ ಒಬ್ಬ ಮಾತ್ರ ತನ್ನ ಜಾಗವನ್ನು ಹೆಸರು ಹಿಡಿದು ಹೇಳುತ್ತಿದ್ದ. ಸೈತಾನನ ಗಂಟಲು. ಎರಡು ಸುಣ್ಣಕಲ್ಲಿನ ಬಂಡೆಗಳ ನಡುವೆ ತೊರೆ ಎದೆಮಟ್ಟ ನುಗ್ಗುವ ಇಕ್ಕಟ್ಟು ಅದು. ದಡದಲ್ಲಿ ಕಾಲಿಡಲು ಜಾಗವಿಲ್ಲ. ನೀರಿನಲ್ಲೇ ಮುಕ್ಕಾಲು ಮೈಲಿ ತಡವರಿಸಿಕೊಂಡು ನಡೆಯಬೇಕು. ಗೊತ್ತಾದರೂ ಯಾರೂ ಬರಲಾರರು ಎಂಬ ಧೈರ್ಯದಿಂದಲೇ ಅವನು ಹೆಸರು ಹೇಳುತ್ತಿದ್ದ. ಎಪ್ಪತ್ತಾರು ವರ್ಷ, ಒಂದು ಮಂಡಿ ಕೆಟ್ಟಿದೆ, ಆದರೂ ಶುಕ್ರವಾರ ಬಂತೆಂದರೆ ಊರೆಲ್ಲ ಹುರಿದ ಮೀನು ತಿನ್ನಲು ಸೇರುವ ಹಾಲ್ವರ್ಸನ್ ಸಪ್ಪರ್ ಕ್ಲಬ್ಬಿಗೆ ಬಂದು, ಎದೆಯವರೆಗೆ ಏರುವ ತನ್ನ ರಬ್ಬರ್ ಚಲ್ಲಣವನ್ನು ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕುತ್ತಿದ್ದ. ಅದರಿಂದ ಟಪಟಪ ನೀರು ತೊಟ್ಟಿಕ್ಕಿ ಕೆಳಗಿನ ಕಾಲೊರಸು ನೆನೆಯುತ್ತಿತ್ತು. ಆ ನೀರು ನೋಡಿದ ಮೇಲೆ ಯಾರು ತಾನೇ ಪ್ರಶ್ನೆ ಕೇಳುತ್ತಾರೆ? ಬಾರಿನ ಹಿಂದಿನ ಗೋಡೆಯ ಮೇಲೆ ಅವನ ಫೋಟೋ ಬೇರೆ ಇತ್ತು: ಗಂಟಲಿನ ಬಂಡೆಯ ಮುಂದೆ, ಇಪ್ಪತ್ನಾಲ್ಕು ಅಂಗುಲದ ಕಂದು ಟ್ರೌಟ್ ಹಿಡಿದು ನಿಂತ ವರ್ಲಿನ್.

ಫೋಟೋ ನಿಜ. ಆದರೆ ಇಪ್ಪತ್ತು ವರ್ಷ ಹಳೆಯದು. ಚಲ್ಲಣದ ನೀರು ಮಾತ್ರ ಚರ್ಚಿನ ಹಿಂದಿನ ನಲ್ಲಿಯದು.

ಹನ್ನೆರಡು ವರ್ಷದ ಹಿಂದೆ ಅವನ ಹೆಂಡತಿ ಲೊರೇನ್ ತೀರಿಕೊಂಡಳು. ಮರುವಸಂತದಲ್ಲಿ ಅವನು ಗಂಟಲಿನಲ್ಲಿ ಜಾರಿ ಬಿದ್ದು ಮಂಡಿ ಹಾಳುಮಾಡಿಕೊಂಡ. ಅಲ್ಲಿಗೆ ಗಂಟಲಿನ ಕಥೆ ಮುಗಿಯಿತು. ವರ್ಲಿನ್‌ನ ಬಾಯಲ್ಲಿ ಮಾತ್ರ ಮುಗಿಯಲಿಲ್ಲ. ಅಂದಿನಿಂದ ಅವನು ಮೀನು ಹಿಡಿಯುತ್ತಿದ್ದುದು ಊರಾಚೆಯ ಬಿಳಿ ಚರ್ಚಿನ ಸ್ಮಶಾನದಲ್ಲಿ. ಸ್ಮಶಾನದ ಕೊನೆಯ ಸಾಲಿನ ಕಲ್ಲುಗಳ ಮುಂದೆ ತೊರೆ ಆಳವಾಗಿ, ತಣ್ಣಗೆ ತಿರುಗುತ್ತದೆ. ಕಾರು ನಿಲ್ಲಿಸಿದಲ್ಲಿಂದ ನೀರಿಗೆ ಮೂವತ್ತು ಹೆಜ್ಜೆ, ಒಂದು ಕಲ್ಲು ಎಡವುವ ಹಾಗಿಲ್ಲ, ದಡದ ಅಂಚಿನವರೆಗೂ ಹುಲ್ಲು ಕತ್ತರಿಸಿದೆ. ಕತ್ತರಿಸುವವನೂ ವರ್ಲಿನ್‌ನೇ. ಸ್ಮಶಾನ ಇಷ್ಟು ಚೆನ್ನಾಗಿ ಇಟ್ಟಿದ್ದಾನೆಂದು ಚರ್ಚಿನವರು ವರ್ಷವರ್ಷ ಅವನಿಗೆ ಕೃತಜ್ಞತೆ ಹೇಳುತ್ತಿದ್ದರು. ಅವನು ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದುದು ಲೊರೇನಳ ಕಲ್ಲಿನ ಪಕ್ಕ. ಕಲ್ಲಿನ ಮೇಲೆ ಅವಳ ಹೆಸರಿನ ಬದಿಗೆ ಅವನ ಹೆಸರನ್ನೂ ಆಗಲೇ ಕೆತ್ತಿಸಿಟ್ಟಿದ್ದ. ಹುಟ್ಟಿದ ಇಸವಿ ಇತ್ತು, ಇನ್ನೊಂದು ಇಸವಿಯ ಜಾಗ ಖಾಲಿ.

ಅದೂ ಸಾಲದೆಂಬಂತೆ ಗಾಳಕ್ಕೆ ಸಿಕ್ಕಿಸುತ್ತಿದ್ದುದು ಎರೆಹುಳು. ಗರಿ ನೂಲು ಸುತ್ತಿ ಮಾಡಿದ ಹುಸಿ ನೊಣವಲ್ಲದೆ ಬೇರೇನನ್ನೂ ನೀರಿಗೆ ಹಾಕುವುದಿಲ್ಲ ಎಂದು ಬಾರಿನಲ್ಲಿ ಎದೆ ತಟ್ಟಿಕೊಳ್ಳುವವನೂ ಇವನೇ. ದಾರಿಯಲ್ಲಿ ಹೋಗುವವರು ಚರ್ಚಿನ ಹತ್ತಿರ ಅವನ ಕಾರು ಕಂಡರೆ, ಪಾಪ, ದಿನವೂ ಹೆಂಡತಿಯ ಸಮಾಧಿಗೆ ಬರುತ್ತಾನೆ ಎಂದು ಮರುಗುತ್ತಿದ್ದರು. ಹೀಗೆ ಒಂದು ಕುರ್ಚಿಯಲ್ಲಿ ಕೂತು ಅವನು ಎರಡು ಹೆಸರು ಸಂಪಾದಿಸಿದ್ದ: ನದಿಯಲ್ಲಿ ಹುಲಿ, ಮನೆಯಲ್ಲಿ ದೇವರಂಥ ಗಂಡ.

ಇಷ್ಟು ನೆಮ್ಮದಿಯಾಗಿದ್ದವನ ಬುಡಕ್ಕೆ ನೀರು ತಂದವಳು ಆರ್ಡಿಸ್.

ಆರ್ಡಿಸ್ ನೆಸ್ಟಿಂಗನ್‌ಗೆ ಎಪ್ಪತ್ತು. ಮೂವತ್ತನಾಲ್ಕು ವರ್ಷ ಊರಿನ ಶಾಲಾ ಬಸ್ಸು ಓಡಿಸಿ ಹಿಂದಿನ ವರ್ಷವಷ್ಟೇ ಕೀಲಿಕೈ ಒಪ್ಪಿಸಿದ್ದಳು. ಚಳಿಗಾಲದಲ್ಲಿ ಸೊಂಟದ ಕೀಲು ಬದಲಾಯಿಸಿಕೊಂಡಿದ್ದಳು. ಮೇ ತಿಂಗಳ ಎರಡನೆಯ ಶುಕ್ರವಾರ, ಕ್ಲಬ್ಬು ಕಿಕ್ಕಿರಿದಿರುವಾಗ, ಬಂದು ವರ್ಲಿನ್‌ನ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ವರ್ಲಿನ್, ನಂಗೂ ಟ್ರೌಟ್ ಹಿಡಿಯೋದು ಕಲ್ಸು" ಎಂದಳು.

"ನಿಂಗ್ಯಾಕೇ ಈಗ ಆ ಉಸಾಬರಿ?"

"ಬಸ್ಸು ಬಿಟ್ಟು ವರ್ಷ ಆಯ್ತು. ಹೆಣೆದೂ ಹೆಣೆದೂ ಒಂದೊಂದು ಮೊಮ್ಮಗುವಿನ ಕುತ್ತಿಗೆಗೂ ಮೂರು ಮೂರು ಮಫ್ಲರ್ ಆಗಿದೆ. ಸಾಕು ಮಾಡಜ್ಜಿ ಅಂತ ಅಳ್ತಾವೆ. ಆದ್ರೆ ಒಂದು ಮಾತು, ಸೊಂಟ ಹೊಸದು. ನೀರಿಗಿಳಿಯೋಕಾಗಲ್ಲ, ಗುಡ್ಡ ಹತ್ತೋಕಾಗಲ್ಲ. ಸಮತಟ್ಟಾಗಿರೋ ದಡ ಬೇಕು, ಕುರ್ಚಿ ಹಾಕ್ಕೊಂಡು ಕೂರೋ ಹಂಗೆ. ಇಷ್ಟುದ್ದ ತೊರೇಲಿ ಅಂಥ ಜಾಗ ಒಂದಾದ್ರೂ ಇರ್ಬೇಕಲ್ಲ?"

ಎಲ್ಲರೂ ತಮ್ಮ ತಮ್ಮ ಲೋಟದ ತಳ ನೋಡತೊಡಗಿದರು. ಬಾರ್ ನೋಡಿಕೊಳ್ಳುವ ಹುಡುಗ ಟ್ರೆವರ್, ಆಗಲೇ ಒರೆಸಿದ್ದ ಲೋಟವನ್ನು ಇನ್ನೊಮ್ಮೆ ಒರೆಸಿದ. ತಟ್ಟೆ ಹೊತ್ತು ಬರುತ್ತಿದ್ದ ಬ್ರಿನ್ ಎಂಬ ಹುಡುಗಿ ಇದ್ದಲ್ಲೇ ನಿಂತಳು. ತನ್ನಂಥ ಪ್ರವೀಣನಿಗೆ ಇಂಥ ಸಣ್ಣ ಕೆಲಸ ಹೇಳಿದರಲ್ಲ ಎಂದು ಊರಿಗೇ ಮುಜುಗರವಾಗಿದೆ ಎಂದುಕೊಂಡ ವರ್ಲಿನ್. ಹೊಟ್ಟೆಯಲ್ಲಿ ಎರಡು ಲೋಟ ಬ್ರಾಂದಿಯೂ ಇತ್ತು.

"ನಾನು ಜಾಗ ತೋರ್ಸಿದ್ರೆ ಕುರ್ಚಿ ಕೂಡ ಟ್ರೌಟ್ ಹಿಡಿಯುತ್ತೆ" ಎಂದ. "ಮುಂದಿನ ಶುಕ್ರವಾರದೊಳಗೆ ಇವಳ ಕೈಲಿ ಒಂದು ಮೀನು ಹಿಡಿಸ್ದೇ ಹೋದ್ರೆ ಆ ಫೋಟೋ ಇಳಿಸ್ಬಿಡು ಟ್ರೆವರ್, ಇನ್ಮೇಲೆ ಈ ಬಾರಲ್ಲಿ ಮೀನಿನ ಮಾತೇ ಎತ್ತಲ್ಲ."

"ಎಲ್ರೂ ಕೇಳಿಸ್ಕೊಂಡ್ರಲ್ಲ" ಎಂದ ಟ್ರೆವರ್.

ಮನೆಗೆ ಬಂದ ಮೇಲೆ ವರ್ಲಿನ್ ಲೆಕ್ಕ ಹಾಕಿದ. ಕುರ್ಚಿ ಹಾಕಿ ಕೂರುವಂಥ, ಮೀನೂ ಇರುವಂಥ ದಡ ನಿಸ್ಸೆ ತೊರೆಯಲ್ಲಿ ಒಂದೇ ಒಂದು. ಅಲ್ಲಿಗೆ ಆರ್ಡಿಸಳನ್ನು ಕರೆದುಕೊಂಡು ಹೋದರೆ, ಹುಲ್ಲಿನಲ್ಲಿ ಕುರ್ಚಿ ಕಾಲಿನ ಗುಳಿ, ಕಲ್ಲಿನ ಬುಡದಲ್ಲಿ ಹುಳದ ಡಬ್ಬಿ ಎಲ್ಲ ಅವಳ ಕಣ್ಣಿಗೆ ಬೀಳುತ್ತವೆ. ಕರೆದುಕೊಂಡು ಹೋಗದಿದ್ದರೆ ಫೋಟೋ ಇಳಿಯುತ್ತದೆ. ಬೇರೆ ಜಾಗ ಹುಡುಕಲೇಬೇಕು ಎಂದು ನಿಶ್ಚಯಿಸಿದ.

ಸೋಮವಾರ ಅವಳನ್ನು ಸ್ಲೆಟನ್ ಮನೆಯವರ ಹುಲ್ಲುಗಾವಲಿಗೆ ಕರೆದೊಯ್ದ. ಆ ದಡದಲ್ಲಿ ಯಾರು ಬೇಕಾದರೂ ಮೀನು ಹಿಡಿಯಬಹುದು. ಅದಕ್ಕೆಂದೇ ಸರ್ಕಾರದವರು ಮುಳ್ಳುತಂತಿಯ ಬೇಲಿಯ ಮೇಲೆ ಮರದ ಮೆಟ್ಟಿಲು ಇಟ್ಟಿದ್ದರು. ನಾಲ್ಕು ಮೆಟ್ಟಿಲು ಹತ್ತಬೇಕು, ನಾಲ್ಕು ಇಳಿಯಬೇಕು.

"ಇದನ್ನ ಸಮತಟ್ಟು ಅಂತಾರಾ?" ಎಂದಳು ಆರ್ಡಿಸ್.

"ಮೇಲೆ ಹತ್ತಿದಷ್ಟೇ ಕೆಳಗೂ ಇಳೀತೀಯಲ್ಲ. ಒಟ್ಟು ನೋಡಿದ್ರೆ ಸಮತಟ್ಟೇ."

ಅವಳು ಒಂದೊಂದೇ ಮೆಟ್ಟಿಲಿಗೆ ಉಸ್ಸೆಂದು ತುದಿಗೆ ಹತ್ತಿ, ಇಳಿಯಲಾಗದೆ ಅಲ್ಲೇ ಕೂತುಬಿಟ್ಟಳು. ಹುಲ್ಲುಗಾವಲಿನ ಮೂಲೆಯಲ್ಲಿದ್ದ ಕಡಸುಗಳು ತಲೆಯೆತ್ತಿ ನೋಡಿದವು. ಕಡಸುಗಳಿಗೆ ಬೇರೇನು ಕೆಲಸ? ಹದಿನಾಲ್ಕೂ ಓಡಿ ಬಂದು ಮೆಟ್ಟಿಲ ಸುತ್ತ ನಿಂತವು. ಒಂದು ಅವಳ ಬೂಟು ನೆಕ್ಕಿತು. ಇನ್ನೊಂದು ಅವಳ ಹುಲ್ಲಿನ ಟೋಪಿಯ ಅಂಚು ಬಾಯಿಗೆ ಹಾಕಿಕೊಂಡು ಮೆಲ್ಲತೊಡಗಿತು. ವರ್ಲಿನ್ ಗಾಳದ ಕೋಲು ಬೀಸುತ್ತ ಹಚಾ ಹಚಾ ಎಂದು ಕೂಗಿದ. ಕಡಸುಗಳಿಗೆ ಅದೂ ಆಟವೆನಿಸಿತು.

ಕೊನೆಗೆ ಆರ್ಡಿಸ್ ಬೆನ್ನು ನೆಟ್ಟಗೆ ಮಾಡಿ, ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಪಳಗಿದ ಗಂಟಲು ತೆಗೆದಳು. "ಎಲ್ರೂ ಅವರವರ ಸೀಟಿಗೆ ಹೋಗಿ. ಈಗಲೇ."

ಕಡಸುಗಳು ಎರಡು ಹೆಜ್ಜೆ ಹಿಂದೆ ಸರಿದವು. ವರ್ಲಿನ್ ಕೂಡ ಸರಿದ.

ಬುಧವಾರ ಅವನು ಇನ್ನೂ ದೊಡ್ಡ ಎಡವಟ್ಟು ಮಾಡಿದ. ಒಂಬತ್ತು ವರ್ಷದ ಹಿಂದೆ ಊರಿನ ಟ್ರೌಟ್ ಸಂಘದವರು, ನಡೆಯಲಾಗದವರೂ ಮೀನು ಹಿಡಿಯಲೆಂದು, ತೊರೆಯ ಒಂದು ತಿರುವಿನಲ್ಲಿ ಮರದ ಕಟ್ಟೆ ಕಟ್ಟಿಸಿದ್ದರು. ಗಾಲಿಕುರ್ಚಿ ಹತ್ತುವ ಇಳಿಜಾರು, ಹಿಡಿದುಕೊಳ್ಳಲು ಕಂಬಿ, ಕೂರಲು ಬೆಂಚು, ಎಲ್ಲಕ್ಕಿಂತ ಮುಖ್ಯವಾಗಿ ಸಂಘದವರ ಹೆಸರಿನ ಹಿತ್ತಾಳೆ ಫಲಕ. ಜಾಗ ಆರಿಸಿದವನು ವರ್ಲಿನ್‌ನೇ. ಎರಡು ವರ್ಷದ ಮೇಲೆ ದೊಡ್ಡ ನೆರೆ ಬಂತು. ಹೋಗುವಾಗ ಅದು ತೊರೆಯನ್ನೂ ಎತ್ತಿಕೊಂಡು ಹೋಗಿ ಎರಡು ಬಸ್ಸಿನ ಉದ್ದದಷ್ಟು ಆಚೆಗೆ ಹಾಕಿತು. ಕಟ್ಟೆ ಮಾತ್ರ ಅಲ್ಲೇ ಉಳಿಯಿತು. ಈಗ ಅದರ ಮುಂದೆ ಎದೆಯೆತ್ತರದ ಹುಲ್ಲು, ಹುಲ್ಲಿನಲ್ಲಿ ತುರಚೆ ಗಿಡ.

ಆರ್ಡಿಸ್ ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಮುಂದೆ ನೋಡಿದಳು.

"ಅಲ್ಲ ಕಣೋ ವರ್ಲಿನ್, ನೀರೆಲ್ಲಿ?"

"ವಾಪಸ್ ಬಂದಿರ್ಬಹುದು ಅಂದ್ಕೊಂಡೆ."

"ತೊರೆ ಏನು ನಿನ್ನ ನಾಯೀನಾ, ಹೋಗಿ ವಾಪಸ್ ಬರೋಕೆ?"

ಬಂದದ್ದಾಯಿತು, ಗಾಳ ಬೀಸುವ ಪಾಠವಾದರೂ ಆಗಲಿ ಎಂದು ಅವಳು ಹುಲ್ಲಿಗೇ ಗಾಳ ಬೀಸಿದಳು. ಮೊದಲ ಸಲ ಕಂಬಿಗೆ ಸಿಕ್ಕಿತು. ಎರಡನೆಯ ಸಲ ವರ್ಲಿನ್‌ನ ಟೋಪಿ ಹಾರಿ ತುರಚೆ ಗಿಡದ ನಡುವೆ ಬಿತ್ತು. ಮೂರನೆಯದು ಮಾತ್ರ ನೆಟ್ಟಗೆ ಹೋಯಿತು. ಅವಳು ಖುಷಿಯಿಂದ ದಾರ ಸುತ್ತಿಕೊಳ್ಳುತ್ತಿದ್ದರೆ ವರ್ಲಿನ್ ಟೋಪಿ ಹುಡುಕುತ್ತ ಮೊಣಕೈವರೆಗೆ ತುರಿಸಿಕೊಳ್ಳುತ್ತಿದ್ದ. ಹಿತ್ತಾಳೆ ಫಲಕದಲ್ಲಿ ಮೊದಲ ಹೆಸರು ಅವನದೇ ಇತ್ತು. ಅವಳು ಅದನ್ನು ಗಟ್ಟಿಯಾಗಿ ಓದಿದಳು.

ಆ ರಾತ್ರಿ ಅವನಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಉಳಿದದ್ದು ಊರ ನಡುವಿನ ಉದ್ಯಾನ. ಅಲ್ಲಿ ದಡವೇನೋ ಚೆನ್ನಾಗಿದೆ, ಆದರೆ ಬಾತುಕೋಳಿಗಳು ಮತ್ತು ಕಲ್ಲೆಸೆಯುವ ಮಕ್ಕಳ ಕಾಟಕ್ಕೆ ಅಲ್ಲಿನ ಮೀನುಗಳು ಯಾವ ಕಾಲಕ್ಕೋ ಊರು ಬಿಟ್ಟಿದ್ದವು. ಹೋಗಲಿ, ಫೋಟೋ ಇಳಿಸಿದರೆ ಇಳಿಸಲಿ ಎಂದುಕೊಂಡ. ಆದರೆ ಶುಕ್ರವಾರದ ಆ ಸ್ಟೂಲು, "ಇವತ್ತೇನು ಸಿಕ್ತು ವರ್ಲಿನ್?" ಎಂಬ ಆ ಒಂದು ಪ್ರಶ್ನೆ ಬಿಟ್ಟರೆ ಅವನ ವಾರದಲ್ಲಿ ಬೇರೇನೂ ಇರಲಿಲ್ಲ. ಮಾತಿಲ್ಲದ ಮನೆಗೆ ಅವನು ಇಷ್ಟು ವರ್ಷವಾದರೂ ಒಗ್ಗಿರಲಿಲ್ಲ.

ಶುಕ್ರವಾರ ನಾಲ್ಕು ಗಂಟೆಗೆ ಆರ್ಡಿಸ್ ತನ್ನ ಕಾರಿನಲ್ಲೇ ಬಂದಳು. "ಇವತ್ತು ನಾನೇ ಓಡಿಸ್ತೀನಿ. ನೀನು ಓಡಿಸಿದ್ರೆ ಇನ್ನೆಲ್ಲಿ ಕಡಸು ಕಾಯ್ತಿರುತ್ತೋ."

"ಉದ್ಯಾನಕ್ಕೆ ಹೋಗೋಣ."

"ಆಯ್ತು" ಎಂದಳು. ಆದರೆ ಕಾರು ಉದ್ಯಾನದ ತಿರುವು ದಾಟಿತು, ಊರು ದಾಟಿತು, ಬಿಳಿ ಚರ್ಚಿನ ಹಾದಿಗೆ ಹೊರಳಿತು.

ವರ್ಲಿನ್ ಸೀಟಿನಲ್ಲಿ ನೆಟ್ಟಗಾದ. "ಇಲ್ಲಿಗ್ಯಾಕೆ?"

"ಲೊರೇನ್‌ಗೆ ನಮಸ್ಕಾರ ಹೇಳ್ಕೊಂಡು ಹೋಗೋಣ ಅಂತ."

ಅವನು ನಿಟ್ಟುಸಿರು ಬಿಟ್ಟ. ಆರ್ಡಿಸ್ ಇಳಿದು ಕಾರಿನ ಡಿಕ್ಕಿ ತೆಗೆದಳು. ಹೂವು ತೆಗೆಯುತ್ತಾಳೆ ಎಂದು ಅವನು ಕಾದ. ಅವಳು ತೆಗೆದದ್ದು ಎರಡು ಮಡಚುವ ಕುರ್ಚಿ. ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು, ಸಮಾಧಿಗಳ ನಡುವೆ ತನ್ನ ಹಿತ್ತಲಲ್ಲಿ ನಡೆದ ಹಾಗೆ ನಡೆದು, ಲೊರೇನಳ ಕಲ್ಲಿನ ಹತ್ತಿರ ಹೋದಳು. ಹುಲ್ಲಿನಲ್ಲಿ ನಾಲ್ಕು ಗುಳಿ ಹುಡುಕಿ ಒಂದು ಕುರ್ಚಿಯ ಕಾಲುಗಳನ್ನು ಅವುಗಳಲ್ಲಿ ಸರಿಯಾಗಿ ಕೂರಿಸಿದಳು.

"ನಿಂದು ಇದು ತಾನೇ?" ಎಂದಳು. "ನಂದು ಎಲ್ಲಿ ಹಾಕ್ಲಿ?"

ವರ್ಲಿನ್ ಹೋಗಿ ತನ್ನ ಕುರ್ಚಿಯಲ್ಲಿ ಕುಸಿದ.

"ಯಾವಾಗಿಂದ ಗೊತ್ತು?"

"ಮೊದಲ್ನೇ ದಿನದಿಂದ. ನಿನ್ನ ಬೆನ್ನ ಹಿಂದೆ ರಸ್ತೆ ಇದೆಯಲ್ಲ, ಅಲ್ಲಿ ಲೈಲಾಕ್ ಗಿಡದ ಬೇಲಿ. ಕಾರಲ್ಲಿ ಹೋಗೋರಿಗೆ ಏನೂ ಕಾಣಲ್ಲ, ನೀನೂ ಅದನ್ನ ನಂಬ್ಕೊಂಡೇ ಕೂತೆ. ಬಸ್ಸು ಎತ್ತರ ಕಣೋ. ದಿನಾ ಮೂರೂ ನಲವತ್ತಕ್ಕೆ ನಿನ್ನ ಬೋಳುತಲೆ ಕಾಣೋದು, ಪಕ್ಕದಲ್ಲಿ ಹುಳದ ಡಬ್ಬಿ."

"ಉಫ್ ದಾ, ಕೆಟ್ಟೆ" ಎಂದು ವರ್ಲಿನ್ ಮುಖ ಮುಚ್ಚಿಕೊಂಡ. "ಯಾರಿಗಾದ್ರೂ ಹೇಳಿದ್ಯಾ?"

"ಒಬ್ಬರಿಗೂ ಹೇಳಿಲ್ಲ. ನನ್ನ ಬಸ್ಸಲ್ಲಿ ಒಂದು ನಿಯಮ ಇತ್ತು, ಕಿಟಕೀಲಿ ಕಂಡದ್ದು ಬಸ್ಸಲ್ಲೇ ಇರ್ಬೇಕು ಅಂತ."

ಆ ನಿಯಮ ಅವಳು ಯಾರಿಗೆ ಹೇಳುತ್ತಿದ್ದಳು ಎಂದು ಕೇಳುವಷ್ಟು ಬುದ್ಧಿ ವರ್ಲಿನ್‌ಗೆ ಆಗ ಓಡಲಿಲ್ಲ.

"ಮತ್ತೆ ಆ ಕಡಸು, ಆ ಕಟ್ಟೆ, ಯಾಕೆ ಬಂದೆ? ಮೊದಲೇ ಹೇಳೋಕೇನಾಗಿತ್ತು?"

"ಒಂದು ಸುಳ್ಳಿಗೋಸ್ಕರ ನೀನು ಎಲ್ಲೀ ತನಕ ಹೋಗ್ತೀಯ ಅಂತ ನೋಡ್ಬೇಕಿತ್ತು. ಟೋಪಿ ಹೋದ್ರೂ ಪರವಾಗಿಲ್ಲ, ಚೆನ್ನಾಗಿತ್ತು." ಅವಳು ಕುರ್ಚಿಯನ್ನು ಸ್ವಲ್ಪ ಈಚೆಗೆ ಎಳೆದುಕೊಂಡಳು. "ಇನ್ನೊಂದು ಏನಂದ್ರೆ, ಬಸ್ಸು ಈ ತಿರುವು ದಾಟೋಕೆ ಹನ್ನೊಂದು ಸೆಕೆಂಡು. ದಿನಾ ಹನ್ನೊಂದೇ ಸೆಕೆಂಡು ನೋಡಿದ್ದು. ನಾನು ಹೋದ್ಮೇಲೆ ನಿಂಗೆ ಮೀನು ಸಿಗ್ತಿತ್ತೋ ಇಲ್ವೋ ಅಂತ ಮನೇಲಿ ಕೂತು ಯೋಚ್ನೆ ಮಾಡ್ತಿದ್ದೆ."

ವರ್ಲಿನ್ ಕಲ್ಲಿನ ಬುಡದಿಂದ ಹುಳದ ಡಬ್ಬಿ ತೆಗೆದ. ಆಮೇಲೆ ತಾನಾಗಿಯೇ ಹೇಳಿದ. "ಮೊದ್ಲು ಸುಮ್ನೆ ಬಂದು ಕೂರ್ತಿದ್ದೆ. ಕಲ್ಲಿನ ಮುಂದೆ ಕೂತು ಅಳೋ ಮುದುಕನ್ನ ಯಾರಾದ್ರೂ ನೋಡಿದ್ರೆ ನಾಚ್ಕೆ ಅಲ್ವಾ. ಅದಕ್ಕೆ ಕೈಯಲ್ಲೊಂದು ಗಾಳದ ಕೋಲು ಹಿಡ್ಕೊಂಡೆ. ಹುಳ ಹಾಕೋ ಯೋಚ್ನೆ ಇರ್ಲಿಲ್ಲ. ಆದ್ರೆ ಮೀನು ಎದ್ದು ಎದ್ದು ಕಾಣ್ತಿತ್ತು, ನೋಡ್ಕೊಂಡು ಸುಮ್ನಿರೋಕಾಗುತ್ತಾ?"

"ಆಗಲ್ಲ" ಎಂದಳು ಆರ್ಡಿಸ್. "ಎಲ್ಲಿ, ಹುಳದ ಡಬ್ಬಿ ಕೊಡು."

ಕಟ್ಟೆಯ ಮೇಲಿನ ಪಾಠ ವ್ಯರ್ಥವಾಗಿರಲಿಲ್ಲ. ಎರಡನೆಯ ಬೀಸಿಗೇ ಗಾಳ ಎದುರು ದಡದ ಬೇರಿನ ಕೆಳಗೆ, ವರ್ಲಿನ್ ಬೆರಳು ತೋರಿಸಿದಲ್ಲೇ ಬಿತ್ತು. ದಾರ ಒಮ್ಮೆ ನಡುಗಿತು, ಇನ್ನೊಮ್ಮೆ ನಡುಗಿತು. "ಈಗಲೇ ಬೇಡ" ಎಂದ ವರ್ಲಿನ್. "ನುಂಗಲಿ. ನುಂಗಲಿ. ಹೂಂ, ಎತ್ತು." ಕೋಲು ಬಿಲ್ಲಾಯಿತು. ಆರ್ಡಿಸ್ ಬಸ್ಸಿನ ಸ್ಟೇರಿಂಗ್ ಹಿಡಿದ ಹಾಗೆ ಎರಡು ಕೈಯಲ್ಲೂ ಕೋಲು ಹಿಡಿದು, ಕುರ್ಚಿಯಿಂದ ಏಳದೆಯೇ, ಹದಿಮೂರು ಅಂಗುಲದ ಕಂದು ಟ್ರೌಟ್ ದಡಕ್ಕೆ ತಂದಳು. ಮೈಮೇಲಿನ ಕೆಂಪು ಚುಕ್ಕೆಗಳು ಸಂಜೆ ಬಿಸಿಲಿಗೆ ಹೊಳೆದವು.

ವರ್ಲಿನ್ ಮೀನನ್ನು ಬಲೆಚೀಲದಿಂದ ತೆಗೆದು, ಅಭ್ಯಾಸಬಲದಿಂದ ಕಲ್ಲಿನ ಕಡೆ ತಿರುಗಿ ಅದನ್ನು ಎತ್ತಿ ಹಿಡಿದ. ಪಕ್ಕದಲ್ಲಿ ಆರ್ಡಿಸ್ ಇದ್ದಾಳೆಂದು ನೆನಪಾಗಿ ಕೈ ಇಳಿಸಿದ. ಕಿವಿ ಕೆಂಪಗಾಯಿತು.

"ತೋರ್ಸು, ತೋರ್ಸು" ಎಂದಳು ಅವಳು. "ನಾನು ಹಿಡಿದದ್ದು ಅಂತ ಹೇಳು ಮತ್ತೆ. ನಿಂದು ಅನ್ಬೇಡ."

ಕ್ಲಬ್ಬಿಗೆ ಹೋಗುವಷ್ಟರಲ್ಲಿ ವರ್ಲಿನ್ ಎಷ್ಟು ಹಗುರಾಗಿದ್ದನೆಂದರೆ ನಲ್ಲಿಯ ನೆನಪೇ ಆಗಲಿಲ್ಲ. ಅವಳ ಕಾರಿಗೆ ಹಾಕಿಕೊಂಡು ಬಂದಿದ್ದ ಒಣ ಚಲ್ಲಣವನ್ನು ಗೂಟಕ್ಕೆ ಹಾಕಿ ಒಳಗೆ ನಡೆದ. ಟ್ರೆವರ್ ಮೀನು ನೋಡಿದ, ಉದ್ದ ಅಳೆದ, ಗೋಡೆಯ ಫೋಟೋ ಕಡೆ ಒಮ್ಮೆ ನೋಡಿದ.

"ಎಲ್ಲಿ ಸಿಕ್ತು?"

ವರ್ಲಿನ್ ಬಾಯಿ ತೆರೆದ. ನಿಜ ಹೇಳಿಬಿಡೋಣ, ಇಷ್ಟು ವರ್ಷ ಸಾಕು ಎಂದು ಅವನಿಗೆ ಅನ್ನಿಸಿತ್ತು. ಆರ್ಡಿಸ್ ಅವನಿಗಿಂತ ಚುರುಕಾಗಿದ್ದಳು.

"ಸೈತಾನನ ಗಂಟಲಲ್ಲಿ" ಎಂದಳು.

"ಹೊಸ ಸೊಂಟ ಇಟ್ಕೊಂಡು?"

"ಹೊಸದು ಅಂತಲೇ ಹೋದದ್ದು. ಹಳೇದಾಗಿದ್ರೆ ಆಗ್ತಿರ್ಲಿಲ್ಲ."

"ನೀರು ಎಷ್ಟಿತ್ತು?"

"ಎದೆಮಟ್ಟ."

ಅವಳ ಬಟ್ಟೆಯ ಬೂಟು ಒಣಗಿ ಗರಿಗರಿಯಾಗಿತ್ತು, ಅದರ ಮೇಲೆಲ್ಲ ಹೊಸದಾಗಿ ಕತ್ತರಿಸಿದ ಹುಲ್ಲಿನ ಚೂರು. ಬಾರಿನಲ್ಲಿದ್ದ ಮೂವತ್ತು ಜನರೂ ಆ ಬೂಟು ನೋಡಿದರು. ನೋಡಿ, ಎದೆಮಟ್ಟದ ನೀರೆಂದರೆ ಕಷ್ಟವೇ ಎಂದು ಗಂಭೀರವಾಗಿ ತಲೆಯಾಡಿಸಿದರು. ಒಬ್ಬರಾದರೂ ನಗಲಿಲ್ಲ. ವರ್ಲಿನ್‌ಗೆ ಮೊದಲ ಬಾರಿ ಅನುಮಾನ ಬಂದದ್ದು ಆಗ. ಇಷ್ಟು ದೊಡ್ಡ ಬುರುಡೆಗೆ ನಗದೇ ಇರಬೇಕಾದರೆ ಬಹಳ ದಿನದ ಅಭ್ಯಾಸ ಬೇಕು.

ಅವನು ಬಾಗಿಲ ಕಡೆ ತಿರುಗಿದ. ಬ್ರಿನ್ ನೀರಿನ ಜಗ್ಗು ಹಿಡಿದು ಗೂಟದ ಹತ್ತಿರ ನಿಂತಿದ್ದಳು. ಅತ್ತಿತ್ತ ನೋಡಿ, ಒಣಗಿದ ಚಲ್ಲಣದ ಎರಡು ಕಾಲಿಗೂ ನಿಧಾನವಾಗಿ ನೀರು ಸುರಿದಳು. ಟಪಟಪ ಶುರುವಾಯಿತು. ಪಕ್ಕದ ಮೇಜಿನವರು ತಟ್ಟೆಯಿಂದ ತಲೆ ಎತ್ತದೆ ಕಾಲು ಮಾತ್ರ ಈಚೆಗೆ ತೆಗೆದುಕೊಂಡರು.

ಅವಳು ಹಿಂತಿರುಗಿ ಬರುವಾಗ ವರ್ಲಿನ್ ಕೈ ಅಡ್ಡ ಹಿಡಿದ.

"ನೀನು ಆರ್ಡಿಸ್ ಬಸ್ಸಲ್ಲೇ ಶಾಲೆಗೆ ಹೋಗಿದ್ದಲ್ವಾ?"

"ಹೌದು. ಇಲ್ಲಿರೋರ ಮಕ್ಕಳೆಲ್ಲ ಅದರಲ್ಲೇ ಹೋಗಿದ್ದು."

"ಯಾವ ಕಡೆ ಕೂರ್ತಿದ್ದೆ?"

ಬ್ರಿನ್ ಟ್ರೆವರ್‌ನನ್ನು ನೋಡಿದಳು. ಟ್ರೆವರ್ ಚಾವಣಿ ನೋಡಿದ.

"ಎಡಗಡೆ" ಎಂದಳು ಮೆಲ್ಲಗೆ. "ವಾಪಸ್ ಬರೋವಾಗ ಆ ಕಡೆ ಸೀಟಿಗೆ ಎಲ್ರೂ ಕಿತ್ತಾಡ್ತಿದ್ವಿ. ಆರನೇ ಕ್ಲಾಸಲ್ಲಿದ್ದಾಗ ಒಂದ್ಸಲ ನೀವು ದೊಡ್ಡ ಮೀನು ಹಿಡಿದು ಕಲ್ಲಿಗೆ ತೋರಿಸ್ತಿದ್ರಿ. ಇಡೀ ಬಸ್ಸು ಚಪ್ಪಾಳೆ ತಟ್ತು. ಕಿಟಕಿ ಮುಚ್ಚಿತ್ತು, ನಿಮಗೆ ಕೇಳಿಸ್ಲಿಲ್ಲ."

ವರ್ಲಿನ್ ಲೋಟ ಎತ್ತಿ ಒಂದು ಗುಟುಕು ಕುಡಿದ, ಅದು ಇಳಿಯುವವರೆಗೆ ಕಾದ. ಆಮೇಲೆ ಸ್ಟೂಲು ತಿರುಗಿಸಿ ಎಲ್ಲರಿಗೂ ಎದುರಾಗಿ ಕೂತ.

"ಗಂಟಲಲ್ಲಿ ಇವತ್ತು ನೀರು ಸಿಕ್ಕಾಪಟ್ಟೆ ಜೋರಿತ್ತು" ಎಂದು ಶುರುಮಾಡಿದ. "ಆರ್ಡಿಸ್ ಕೈ ಹಿಡ್ಕೊಂಡು ಮೊದಲ್ನೇ ಬಂಡೆ ದಾಟಿದ್ವಿ ನೋಡಿ."

ಎಲ್ಲರೂ ಕುರ್ಚಿ ಹತ್ತಿರ ಎಳೆದುಕೊಂಡರು.